ದೊಡ್ಡ ವಾಚ್ ಬಿಟ್ಟು ಸಣ್ಣ ಬ್ಯಾಂಡ್‌ಗೆ ಬರಬಹುದಾ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ವಯಸ್ಸು 49. ಬೆಂಗಳೂರಿನಲ್ಲಿರುವ ಮಗ ಹಿಂದೆ ಒಂದು ದುಬಾರಿ ಸ್ಮಾರ್ಟ್ ವಾಚ್ ಕೊಡಿಸಿದ್ದ. ಅದಕ್ಕೆ ದಿನಾ ಚಾರ್ಜ್ ಹಾಕಬೇಕು. ರಾತ್ರಿ ಕಟ್ಟಿಕೊಂಡು ಮಲಗಿದರೆ ಭಾರ. ವಾರದ ಕೊನೆಗೆ ಆಲ್ದೂರು ಹತ್ತಿರದ ತೋಟಕ್ಕೆ ಹೋಗುತ್ತೇವೆ, ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಇರುವುದೇ ಅಪರೂಪ. ಈಗ ವಾಚಿನ ಬ್ಯಾಟರಿಯೂ ಸೋತಿದೆ. ಎರಡು ಮೂರು ಸಾವಿರದ ಫಿಟ್‌ನೆಸ್ ಬ್ಯಾಂಡ್ ತಗೊಳ್ಳೋಣ ಅಂತಿದ್ದೇನೆ. ಬೆಳಿಗ್ಗೆ ರತ್ನಗಿರಿ ಬೋರೆ ಕಡೆ ವಾಕಿಂಗ್, ಆಮೇಲೆ ಆಫೀಸು, ಮನೆಕೆಲಸ, ಇಷ್ಟೇ ನನ್ನ ಬಳಕೆ. ಬಿಪಿಗೆ ದಿನಾ ಒಂದು ಮಾತ್ರೆ ತಗೊಳ್ಳುತ್ತೇನೆ. ಅಗ್ಗದ ಬ್ಯಾಂಡ್ ಕೊಡುವ ಲೆಕ್ಕ ನಂಬಬಹುದಾ? ಅತ್ತೆಯವರಿಗೂ ಬಿಪಿ ನೋಡುವ ಬ್ಯಾಂಡ್ ಒಂದು ತರಬಹುದಾ? ಮಗ ಮಾತ್ರ "ಅಮ್ಮಾ, ಅದೆಲ್ಲ ಆಟದ ಸಾಮಾನು" ಅನ್ನುತ್ತಾನೆ.

ಉತ್ತರ: ಬದಲಾಯಿಸಿ ಮೇಡಂ. ನೀವು ಬರೆದದ್ದನ್ನು ನೋಡಿದರೆ ನಿಮಗೆ ಬೇಕಿರುವುದು ಬ್ಯಾಂಡೇ. ವಾಚ್ ಮೇಜಿನ ಮೇಲೆ ಚಾರ್ಜ್ ಆಗುತ್ತಿರುವಷ್ಟು ಹೊತ್ತು ಯಾವ ಲೆಕ್ಕವೂ ಇಲ್ಲ. ಭಾರ ಅಂತ ರಾತ್ರಿ ತೆಗೆದಿಟ್ಟರೆ ನಿದ್ದೆಯ ಲೆಕ್ಕ ಇಲ್ಲ. ತೋಟಕ್ಕೆ ಹೋದಾಗ ಬ್ಯಾಟರಿ ಮುಗಿದರೆ, ವಾರದಲ್ಲಿ ನೀವು ಅತಿ ಜಾಸ್ತಿ ಓಡಾಡುವ ಎರಡು ದಿನಗಳೇ ಖಾಲಿ. ಈ ತರದ ಸಾಧನಕ್ಕೆ ಇರುವ ದೊಡ್ಡ ಗುಣ ಒಂದೇ: ಸದಾ ಕೈಯಲ್ಲಿರುವುದು. ಆ ಒಂದು ಗುಣದಲ್ಲಿ ಸಣ್ಣ ಬ್ಯಾಂಡು ದೊಡ್ಡ ವಾಚನ್ನು ಸೋಲಿಸುತ್ತದೆ. ಉಳಿದ ವಿಷಯಗಳಲ್ಲಿ ಸೋಲುತ್ತದೆ, ಆದರೆ ನಿಮ್ಮ ಬಳಕೆಗೆ ಅವು ಮುಖ್ಯವಲ್ಲ.

ಮಗನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಬ್ಯಾಂಡಿನ ಡಬ್ಬಿಯ ಮೇಲೆ ಬರೆದಿರುವುದರಲ್ಲಿ ಅರ್ಧ ಆಟದ ಸಾಮಾನೇ. ಯಾವ ಅರ್ಧ ಅನ್ನುವುದು ಗೊತ್ತಿರಬೇಕು, ಅಷ್ಟೇ.

ಮೊದಲು ಹೆಜ್ಜೆಯ ಲೆಕ್ಕ. ಬ್ಯಾಂಡಿನೊಳಗೆ ಅಲುಗಾಟ ಹಿಡಿಯುವ ಒಂದು ಪುಟ್ಟ ಚಿಪ್ ಇದೆ, ಅಕ್ಸೆಲೆರೋಮೀಟರ್ ಅನ್ನುತ್ತಾರೆ. ಅದಕ್ಕೆ ನಿಮ್ಮ ಕಾಲು ಕಾಣುವುದಿಲ್ಲ. ಕೈ ಬೀಸುವುದರ ಲಯ ನೋಡಿ "ಇವರು ನಡೀತಿದ್ದಾರೆ" ಅಂತ ಊಹಿಸುತ್ತದೆ. ಕೆಲವು ಹೆಜ್ಜೆ ಒಂದೇ ಲಯದಲ್ಲಿ ಬಂದ ಮೇಲೆ ಎಣಿಸಲು ಶುರು ಮಾಡುತ್ತದೆ. ಹಾಗಾಗಿ ರತ್ನಗಿರಿ ಬೋರೆಯಲ್ಲಿ ಕೈ ಬೀಸಿ ನಡೆದರೆ ಲೆಕ್ಕ ಹೆಚ್ಚುಕಡಿಮೆ ಸರಿ ಬರುತ್ತದೆ. ಎರಡೂ ಕೈಯಲ್ಲಿ ಸಂತೆಯ ಚೀಲ ಹಿಡಿದು ನಡೆದರೆ ಕಡಿಮೆ ತೋರಿಸುತ್ತದೆ. ಮಳೆಯಲ್ಲಿ ಬ್ಯಾಂಡ್ ಕಟ್ಟಿದ ಕೈಯಲ್ಲೇ ಕೊಡೆ ಹಿಡಿದರೂ ಅಷ್ಟೇ. ಬಟ್ಟೆ ಒಗೆಯುವಾಗ, ರೊಟ್ಟಿ ತಟ್ಟುವಾಗ, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಇಲ್ಲದ ಹೆಜ್ಜೆ ಸೇರಿಕೊಳ್ಳುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಗಿಡದ ಮುಂದೆ ನಿಂತು ಹಣ್ಣು ಬಿಡಿಸಿದ ದಿನದ ಲೆಕ್ಕ ಎರಡೂ ಕಡೆ ವಾಲಬಹುದು. ಕೈ ಸಿಕ್ಕಾಪಟ್ಟೆ ಆಡುತ್ತದೆ, ಕಾಲು ಅಲ್ಲೇ ಇರುತ್ತದೆ. ಮೈಗೆ ಮಾತ್ರ ಒಳ್ಳೆಯ ದಣಿವು. ಆ ದಣಿವನ್ನು ಯಾವ ಬ್ಯಾಂಡೂ ಸರಿಯಾಗಿ ಬರೆದುಕೊಳ್ಳುವುದಿಲ್ಲ.

ತಂದ ಮೇಲೆ ನೀವೇ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ಜಾಗದಲ್ಲಿ ಮನಸ್ಸಿನಲ್ಲೇ ಎಣಿಸುತ್ತಾ 500 ಹೆಜ್ಜೆ ನಡೆಯಿರಿ. ಜಿಲ್ಲಾ ಆಟದ ಮೈದಾನ ಇದಕ್ಕೆ ಒಳ್ಳೆಯ ಜಾಗ. ಬ್ಯಾಂಡು 475ರಿಂದ 525ರ ಒಳಗೆ ತೋರಿಸಿದರೆ ದಿನಬಳಕೆಗೆ ಬೇಕಾದಷ್ಟಾಯಿತು. ತುಂಬಾ ವ್ಯತ್ಯಾಸ ಬಂದರೆ ಆಪ್‌ನಲ್ಲಿ ನಿಮ್ಮ ಎತ್ತರ ತಪ್ಪಾಗಿದೆಯಾ, ಯಾವ ಕೈಗೆ ಕಟ್ಟಿದ್ದೀರಿ ಅಂತ ಸರಿಯಾಗಿ ಹೇಳಿದ್ದೀರಾ ನೋಡಿ. ಕೆಲಸ ಜಾಸ್ತಿ ಮಾಡದ ಕೈಗೆ, ಅಂದರೆ ನಮ್ಮಲ್ಲಿ ಬಹಳ ಜನರಿಗೆ ಎಡಗೈಗೆ, ಕಟ್ಟುವುದು ಒಳ್ಳೆಯದು.

ದೂರದ ವಿಷಯ ಬೇರೆ. ಈ ಬೆಲೆಯ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಸ್ವಂತ ಜಿಪಿಎಸ್ ಇರುವುದಿಲ್ಲ. ಫೋನ್ ಜೊತೆಯಲ್ಲಿದ್ದರೆ ಅದರ ಜಿಪಿಎಸ್ ಬಳಸಿಕೊಳ್ಳುತ್ತವೆ. ಫೋನ್ ಮನೆಯಲ್ಲೇ ಬಿಟ್ಟರೆ ಹೆಜ್ಜೆಯನ್ನು ನಿಮ್ಮ ಎತ್ತರದ ಲೆಕ್ಕದಲ್ಲಿ ಗುಣಿಸಿ ಅಂದಾಜು ಹೇಳುತ್ತವೆ. ಏರು ಹತ್ತಿದ್ದೂ ಹೆಚ್ಚಿನವಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇಲ್ಲ. ನಮ್ಮೂರಿಗೆ ಇದೊಂದು ಅನ್ಯಾಯ. ಸರ್ಪದಾರಿಯಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹತ್ತಿದ ಒಂದು ಕಿಲೋಮೀಟರೂ, ಎಂ.ಜಿ. ರಸ್ತೆಯಲ್ಲಿ ಅಂಗಡಿ ನೋಡುತ್ತಾ ನಡೆದ ಒಂದು ಕಿಲೋಮೀಟರೂ ಅದರ ಹೆಜ್ಜೆಯ ಪಟ್ಟಿಯಲ್ಲಿ ಒಂದೇ. ಏರಿನ ಕಷ್ಟ ಸ್ವಲ್ಪವಾದರೂ ಕಾಣುವುದು ಹಾರ್ಟ್ ರೇಟಿನಲ್ಲಿ.

ಹಾರ್ಟ್ ರೇಟ್ ಹೇಗೆ ಅಳೆಯುತ್ತದೆ ಅಂತ ತಿಳಿದರೆ ಅದು ಯಾವಾಗ ತಪ್ಪುತ್ತದೆ ಅನ್ನುವುದೂ ತಿಳಿಯುತ್ತದೆ. ಬ್ಯಾಂಡಿನ ಹಿಂಬದಿಯಲ್ಲಿ ಹಸಿರು ದೀಪ ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ, ವಾಪಸ್ ಬರುವ ಬೆಳಕು ಚೂರು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ನಿಮಿಷಕ್ಕೆ ಇಷ್ಟು ಅನ್ನುತ್ತದೆ. ಕೂತಾಗ, ಮಲಗಿದಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೈ ಜೋರಾಗಿ ಆಡಿದಾಗ, ಸ್ಟ್ರಾಪ್ ಸಡಿಲವಿದ್ದಾಗ, ಚರ್ಮ ತಣ್ಣಗಿದ್ದಾಗ ತಡವರಿಸುತ್ತದೆ. ಡಿಸೆಂಬರ್ ಬೆಳಿಗ್ಗೆ ಮಂಜಿನಲ್ಲಿ ವಾಕಿಂಗ್ ಹೊರಟರೆ ಮೊದಲ ಕೆಲವು ನಿಮಿಷ ಅದು ಏನೇನೋ ಹೇಳಬಹುದು. ಚಳಿಗೆ ಚರ್ಮದ ನಾಳಗಳು ಕುಗ್ಗಿರುತ್ತವೆ, ಬೆಳಕಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಮೈ ಬಿಸಿಯಾದ ಮೇಲೆ ಸರಿಹೋಗುತ್ತದೆ. ವಾಕಿಂಗ್ ಹೊತ್ತಿನಲ್ಲಿ ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿ, ಸ್ವಲ್ಪ ಬಿಗಿಯಾಗಿ ಕಟ್ಟಿ. ಮನೆಗೆ ಬಂದ ಮೇಲೆ ಸಡಿಲ ಮಾಡಿ.

ಅನುಮಾನ ಬಂದರೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ನೋಡಿಕೊಳ್ಳಿ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಇದಕ್ಕಿಂತ ಅಗ್ಗದ ಸೆನ್ಸರ್ ಇಲ್ಲ.

ನೀವು ಬಿಪಿ ಮಾತ್ರೆಯ ಹೆಸರು ಬರೆದಿಲ್ಲ. ಹಾಳೆಯ ಮೇಲೆ ಅಟೆನೊಲಾಲ್, ಮೆಟೊಪ್ರೊಲಾಲ್ ಅಂತೇನಾದರೂ ಇದೆಯಾ ನೋಡಿ. ಇವು ಬೀಟಾ ಬ್ಲಾಕರ್ ಗುಂಪಿನವು, ಹೃದಯದ ವೇಗವನ್ನೇ ತಗ್ಗಿಸುತ್ತವೆ. ಹೆಚ್ಚಿನ ಆಪ್‌ಗಳು 220ರಲ್ಲಿ ವಯಸ್ಸು ಕಳೆದು ನಿಮ್ಮ ಗರಿಷ್ಠ ಬಡಿತ ಇಷ್ಟು ಅಂತ ಇಟ್ಟುಕೊಳ್ಳುತ್ತವೆ. ನಿಮಗೆ ಅದು 171. ಅದರ ಮೇಲೆ ಬಣ್ಣಬಣ್ಣದ ಪಟ್ಟಿ ಹಾಕಿ "ಇನ್ನೂ ಜೋರಾಗಿ ನಡೆಯಿರಿ" ಅಂತ ಕೈ ಗುಂಯ್‌ಗುಡಿಸುತ್ತವೆ. ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಆ ಲೆಕ್ಕ ಹೊಂದುವುದೇ ಇಲ್ಲ. ಎಷ್ಟು ಜೋರಾಗಿ ನಡೆದರೂ ಅಂಕಿ ಅಲ್ಲಿಗೆ ಮುಟ್ಟದೆ ಇರಬಹುದು. ಅದನ್ನು ಮುಟ್ಟಿಸಲು ಹೋಗಿ ಏದುಸಿರು ಬಿಡಬೇಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು. ಮಾತ್ರೆ ಬೇರೆ ಗುಂಪಿನದಾಗಿದ್ದರೂ ಈ ಅಳತೆ ಸರಿಯೇ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ವಿಶ್ರಾಂತಿಯ ಬಡಿತದ ಅಂಕಿಯನ್ನು. ನೀವು ನಿದ್ದೆಯಲ್ಲಿರುವಾಗ, ಸುಮ್ನೆ ಕೂತಿರುವಾಗ ತೆಗೆದ ಲೆಕ್ಕ ಅದು. ಕೈ ಆಡುವುದಿಲ್ಲವಾದ್ದರಿಂದ ತಪ್ಪೂ ಕಡಿಮೆ. ದಿನಾ 68, 69 ಇದ್ದದ್ದು ಎರಡು ಮೂರು ದಿನ 78ಕ್ಕೆ ಏರಿದರೆ ಜ್ವರ ಬರುತ್ತಿರಬಹುದು, ನಿದ್ದೆ ಕೆಟ್ಟಿರಬಹುದು. ಬ್ಯಾಂಡು ಕಾರಣ ಹೇಳುವುದಿಲ್ಲ. ಬದಲಾಗಿದೆ ಅಂತ ಮಾತ್ರ ಹೇಳುತ್ತದೆ. ನಿಮ್ಮ ತೋಟದಲ್ಲಿ ಮಳೆ ಅಳೆಯುವ ಮಾಪಕ ಇದ್ದೇ ಇರುತ್ತದೆ, ಅಲ್ವಾ? ಪಕ್ಕದ ಎಸ್ಟೇಟಿನವರ ಇಂಚು, ಸೆಂಟಿನ ಲೆಕ್ಕಕ್ಕೂ ನಿಮ್ಮದಕ್ಕೂ ಯಾವತ್ತೂ ತಾಳೆಯಾಗುವುದಿಲ್ಲ. ಆದರೂ ಯಾರೂ ಮಾಪಕ ಬಿಸಾಡುವುದಿಲ್ಲ. ಹೋದ ವರ್ಷದ ಜೂನಿಗೂ ಈ ವರ್ಷದ ಜೂನಿಗೂ ಹೋಲಿಸಲು ಅದೇ ಬೇಕು. ಬ್ಯಾಂಡನ್ನೂ ಹಾಗೇ ನೋಡಿ. ನಿಮ್ಮ ಹಳೆಯ ವಾಚಿನ ಜೊತೆ, ಸ್ನೇಹಿತೆಯ ಬ್ಯಾಂಡಿನ ಜೊತೆ ಹೋಲಿಸಬೇಡಿ.

ವಾಚಿನಿಂದ ಬ್ಯಾಂಡ್‌ಗೆ ಬಂದವರು ಮೊದಲ ವಾರದಲ್ಲೇ ಬೇಜಾರಾಗುವುದು ಇದಕ್ಕೇ. ನಿನ್ನೆವರೆಗೆ ದಿನಕ್ಕೆ 8,000 ಹೆಜ್ಜೆ ತೋರಿಸುತ್ತಿತ್ತು, ಇವತ್ತು ಅದೇ ದಾರಿಗೆ 7,200 ತೋರಿಸುತ್ತಿದೆ, "ಇದು ಡೂಪ್ಲಿಕೇಟ್" ಅಂತ ವಾಪಸ್ ಕೊಡಲು ಹೊರಡುತ್ತಾರೆ. ಒಂದೊಂದು ಕಂಪನಿಯ ಲೆಕ್ಕದ ಸೂತ್ರ ಒಂದೊಂದು ತರ. ಎರಡು ವಾರ ಸುಮ್ನೆ ಕಟ್ಟಿಕೊಂಡಿರಿ. ಗುರಿ ಗಿರಿ ಏನೂ ಬೇಡ. ಆ ಎರಡು ವಾರದ ಸರಾಸರಿಯೇ ನಿಮ್ಮ ಹೊಸ ಶುರು. ಹಳೆಯ ವಾಚಿನ ಆಪ್‌ನಿಂದ ಕಳೆದ ಒಂದು ತಿಂಗಳ ಸರಾಸರಿ ಹೆಜ್ಜೆ ಮತ್ತು ವಿಶ್ರಾಂತಿಯ ಬಡಿತವನ್ನು ಮಾತ್ರ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಆಪ್‌ಗಳ ನಡುವೆ ಮಾಹಿತಿ ಹಂಚಿಕೊಳ್ಳಲು ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್ ಅಂತ ಒಂದು ವ್ಯವಸ್ಥೆ ಇದೆ, ಆಂಡ್ರಾಯ್ಡ್ 14ರಿಂದ ಅದು ಫೋನಿನಲ್ಲೇ ಬರುತ್ತದೆ. ಆದರೆ ವರ್ಷಗಟ್ಟಲೆ ಹಳೆಯ ಲೆಕ್ಕ ಅದರ ಮೂಲಕ ಪೂರ್ತಿ ಹೊಸ ಆಪ್‌ಗೆ ಬಂದು ಕೂರುತ್ತದೆ ಅಂತ ನಂಬಿಕೊಳ್ಳಬೇಡಿ.

ಗುರಿ ಅಂದರೆ ಎಲ್ಲರ ಬಾಯಲ್ಲೂ ಬರುವುದು ಹತ್ತು ಸಾವಿರ. ಆ ಅಂಕಿ ವೈದ್ಯರಿಂದ ಬಂದದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಇಟ್ಟ ಗುರಿ ಅದು. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ 16,741 ಮಹಿಳೆಯರನ್ನು ನೋಡಿತ್ತು, ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ 41% ಕಡಿಮೆ ಇತ್ತು. 7,500ರ ಆಸುಪಾಸಿನಲ್ಲಿ ಆ ಲಾಭ ಸಮತಟ್ಟಾಯಿತು. ಆರೋಗ್ಯ ಚೆನ್ನಾಗಿರುವವರೇ ಜಾಸ್ತಿ ನಡೆಯುತ್ತಾರೆ ಅನ್ನುವ ಅನುಮಾನ ಇಂಥ ಅಧ್ಯಯನಗಳಿಗೆ ಇದ್ದೇ ಇದೆ. ಅವರು ನಿಮಗಿಂತ ಹಿರಿಯರು ಕೂಡ. ಆದರೂ ಹತ್ತು ಸಾವಿರ ಆಗಲಿಲ್ಲ ಅಂತ ರಾತ್ರಿ ಊಟವಾದ ಮೇಲೆ ಹಾಲ್‌ನಲ್ಲಿ ಸುತ್ತು ಹಾಕುವ ಅಗತ್ಯ ಇಲ್ಲ ಅನ್ನಲು ಇಷ್ಟು ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆಯ ಮಾತನ್ನೇ ಆಡುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಇರಲಿ ಅನ್ನುತ್ತದೆ. ನಿಮ್ಮ ಬೆಳಗಿನ ವಾಕಿಂಗ್ ವಾರಕ್ಕೆ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡೆದರೆ ಕೆಳಗಿನ ಗೆರೆ ಮುಟ್ಟಿತು. ಬ್ಯಾಂಕಿನ ಕುರ್ಚಿಯಲ್ಲಿ ಇಡೀ ದಿನ ಕೂರುವವರಿಗೆ ಇನ್ನೊಂದು ಉಪಯೋಗ ಇದೆ. ಗಂಟೆಗೊಮ್ಮೆ ಎದ್ದೇಳಿ ಅಂತ ಕೈಗೆ ಚುರುಕು ಮುಟ್ಟಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಿ. ನನ್ನ ಪ್ರಕಾರ ಎಷ್ಟೋ ಜನರಿಗೆ ಹೆಜ್ಜೆಯ ಲೆಕ್ಕಕ್ಕಿಂತ ಇದೇ ಕೆಲಸಕ್ಕೆ ಬರುತ್ತದೆ.

ಕ್ಯಾಲರಿ? ಆ ಪುಟವನ್ನು ತೆರೆಯಲೇಬೇಡಿ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಹೃದಯ ಬಡಿತದಲ್ಲಿ ಏಳರಲ್ಲಿ ಆರು 5% ತಪ್ಪಿನ ಒಳಗಿದ್ದವು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ 27% ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು 93%. ಅವುಗಳಲ್ಲಿ ದುಬಾರಿ ವಾಚುಗಳೂ ಇದ್ದವು. "ಇವತ್ತು 400 ಕ್ಯಾಲರಿ ಕರಗಿದೆ, ಇನ್ನೆರಡು ಕಡುಬು ತಿನ್ನಬಹುದು" ಅನ್ನುವ ಲೆಕ್ಕಾಚಾರ ಇಲ್ಲಿಗೇ ಬಿಡಿ. ಕಡುಬು ತಿನ್ನಬೇಕೆನಿಸಿದರೆ ತಿನ್ನಿ, ಬ್ಯಾಂಡಿನ ಅನುಮತಿ ಬೇಡ.

ನಿದ್ದೆಯ ವಿಷಯದಲ್ಲಿ ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ ಅನ್ನುವುದನ್ನು ನಂಬಬಹುದು. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು ಅನ್ನುವುದು ಊಹೆ. ಆಸ್ಪತ್ರೆಯಲ್ಲಿ ಅದನ್ನು ಗೊತ್ತು ಮಾಡಲು ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡುತ್ತಾರೆ. ಮಣಿಕಟ್ಟಿಗೆ ಮೆದುಳು ಕಾಣುವುದಿಲ್ಲ.

ಈಗ ಅತ್ತೆಯವರ ವಿಷಯ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಿಪಿ ನೋಡಲು ಅಗ್ಗದ ಬ್ಯಾಂಡ್ ತರಬೇಡಿ. ರಕ್ತದೊತ್ತಡ ಅಳೆಯಬೇಕಾದರೆ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ನಾಳವನ್ನು ಒತ್ತಿ ಬಿಡಬೇಕು. ಹಸಿರು ದೀಪಕ್ಕೆ ಆ ಶಕ್ತಿ ಇಲ್ಲ. ದೊಡ್ಡ ಕಂಪನಿಗಳ ಕೆಲವು ದುಬಾರಿ ವಾಚುಗಳಲ್ಲಿ ಬಿಪಿ ಸೌಲಭ್ಯ ಇದೆ, ಆದರೆ ಅವು ಕೂಡ ಆಗಾಗ ತೋಳಿನ ಯಂತ್ರದ ಜೊತೆ ತಾಳೆ ನೋಡಿಕೊಳ್ಳಿ ಅನ್ನುತ್ತವೆ. ಸಾವಿರ, ಎರಡು ಸಾವಿರಕ್ಕೆ ಬಿಪಿ, ಶುಗರ್ ಎರಡೂ ತೋರಿಸುತ್ತದೆ ಅಂತ ಜಾಹೀರಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತ್ತು. ತಪ್ಪು ಅಂಕಿ ನೋಡಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಹೆಚ್ಚುಕಡಿಮೆ ಮಾಡಿಕೊಂಡರೆ ಜೀವಕ್ಕೇ ಅಪಾಯ.

ತಮಾಷೆಗೆ ಒಂದು ಮಾತು. ಒಳ್ಳೆಯ ಬ್ಯಾಂಡನ್ನೂ ಬಾಳೆಹಣ್ಣಿಗೆ ಕಟ್ಟಿದರೆ ಒಮ್ಮೊಮ್ಮೆ ಹಾರ್ಟ್ ರೇಟ್ ತೋರಿಸುತ್ತದೆ. ಬೆಳಕು ವಾಪಸ್ ಬಂದರೆ ಅದರಲ್ಲಿ ಹೇಗಾದರೂ ಒಂದು ಲಯ ಹುಡುಕುವುದು ಅದರ ಅಭ್ಯಾಸ, ಮೋಸ ಅಂತ ಹೇಳಲಾಗುವುದಿಲ್ಲ. ಆದರೆ ಬಾಳೆಹಣ್ಣಿಗೆ 120/80 ಬಿಪಿ ಇದೆ ಅಂದರೆ ಅಂಗಡಿಯವರಿಗೆ ನಮಸ್ಕಾರ ಹೇಳಿ ಹೊರಡಿ.

ಅತ್ತೆಯವರಿಗೆ ಅದೇ ದುಡ್ಡಿನಲ್ಲಿ ತೋಳಿಗೆ ಸುತ್ತುವ ಡಿಜಿಟಲ್ ಬಿಪಿ ಯಂತ್ರ ಕೊಡಿಸಿ. ಮಣಿಕಟ್ಟಿನದಲ್ಲ, ತೋಳಿನದು. ಐದು ನಿಮಿಷ ಬೆನ್ನು ಒರಗಿಸಿ ಕೂತು, ಕಾಲು ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕಿಟ್ಟು ನೋಡಬೇಕು. ಕಾಫಿ ಕುಡಿದ ತಕ್ಷಣ ಬೇಡ. ನಮ್ಮ ಕಡೆ ಈ ಕೊನೆಯ ನಿಯಮ ಪಾಲಿಸುವುದೇ ಕಷ್ಟ. ತೋಟದ ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ, ಬಿದ್ದರೆ ತಿಳಿಯಬೇಕು ಅನ್ನುವ ಯೋಚನೆ ಇದ್ದರೆ, ಬಿದ್ದದ್ದನ್ನು ಗುರುತಿಸುವ ಬ್ಯಾಂಡುಗಳೂ ಬಂದಿವೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಫಿಟ್ 3ರಲ್ಲಿ ಅದಿದೆ. ಆದರೆ ಸುದ್ದಿ ಮುಟ್ಟಿಸುವುದು ಬ್ಯಾಂಡಲ್ಲ, ಹತ್ತಿರವಿರುವ ಫೋನು. ಫೋನ್ ಒಳಕೋಣೆಯಲ್ಲಿ ಚಾರ್ಜ್‌ಗೆ ಇದ್ದು ಅವರು ಕಣದಲ್ಲಿ ಬಿದ್ದರೆ, ಅಥವಾ ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ, ಯಾರಿಗೂ ಗೊತ್ತಾಗುವುದಿಲ್ಲ. ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರಿಗೆ ಕೇಳಿಸುವ ಹಾಗೆ ಒಂದು ಕರೆಗಂಟೆ ಹಾಕಿಸುವುದು ಇದಕ್ಕಿಂತ ಮೇಲು.

ಯಾವುದು ತಗೊಳ್ಳಲಿ ಅಂತ ನೇರವಾಗಿ ಕೇಳಿಲ್ಲವಾದರೂ ಮುಂದಿನ ಪ್ರಶ್ನೆ ಅದೇ ಅಂತ ಗೊತ್ತು. ಅಂಗಡಿಗೆ ಹೋದರೆ ಎರಡು ಸಾವಿರಕ್ಕೆ ದೊಡ್ಡ ಪರದೆಯ ವಾಚುಗಳ ಸಾಲೇ ಇರುತ್ತದೆ. "ಬ್ಯಾಂಡ್ ಯಾಕೆ ಮೇಡಂ, ಅದೇ ರೇಟಿಗೆ ಕಾಲಿಂಗ್ ವಾಚ್ ಬರುತ್ತೆ" ಅನ್ನುತ್ತಾರೆ. ಅದನ್ನು ತಂದರೆ ಈಗ ಇರುವ ತೊಂದರೆಯನ್ನೇ ಕಡಿಮೆ ದುಡ್ಡಿಗೆ ಮತ್ತೆ ಕೊಂಡಂತೆ. ಭಾರ, ಅಗಲ, ಕರೆ ಬಳಸಿದರೆ ಬೇಗ ಮುಗಿಯುವ ಬ್ಯಾಟರಿ. ತೆಳ್ಳಗಿನದನ್ನೇ ಕೇಳಿ. ಶಿಯೋಮಿ 2014ರಲ್ಲಿ ತಂದ ಮೊದಲ ಮಿ ಬ್ಯಾಂಡ್‌ಗೆ ಪರದೆಯೇ ಇರಲಿಲ್ಲ, ಮೂರು ಪುಟ್ಟ ದೀಪ ಅಷ್ಟೇ, ಚೀನಾದಲ್ಲಿ ಬೆಲೆ 79 ಯುವಾನ್. ಒಂದು ಚಾರ್ಜ್‌ಗೆ ತಿಂಗಳು ಬರುತ್ತದೆ ಅಂತ ಕಂಪನಿ ಹೇಳಿತ್ತು. ಈಗಿನವಕ್ಕೆ ಬಣ್ಣದ ಪರದೆ ಬಂದಿದೆ, ತಿಂಗಳು ಹೋಗಿ ಎರಡು ಮೂರು ವಾರವಾಗಿದೆ. ಅದೂ ಅರ್ಧ ಸೌಲಭ್ಯಗಳನ್ನು ಆಫ್ ಮಾಡಿಟ್ಟ ಲೆಕ್ಕ. ಪರದೆ ಸದಾ ಬೆಳಗುವಂತೆ ಇಟ್ಟು, ಇಡೀ ರಾತ್ರಿ ರಕ್ತದಲ್ಲಿನ ಆಕ್ಸಿಜನ್ ಅಳೆ ಅಂದರೆ ಬಾಳಿಕೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಆ ಆಕ್ಸಿಜನ್ ಲೆಕ್ಕ ನಿಮಗೆ ಬೇಕಾಗಿಲ್ಲ, ಆಫ್ ಮಾಡಿ. ಪರದೆ ಕೈ ಎತ್ತಿದಾಗ ಮಾತ್ರ ಬೆಳಗಲಿ. ಆಗ ವಾರಕ್ಕೂ ಮೀರಿ ಬರುತ್ತದೆ, ತೋಟದಲ್ಲಿ ನಾಲ್ಕು ದಿನ ಕರೆಂಟ್ ಹೋದರೂ ಚಿಂತೆ ಇಲ್ಲ. ಬೇಕೇ ಬೇಕಾದರೆ ಪವರ್ ಬ್ಯಾಂಕ್‌ನಿಂದ ಎಷ್ಟೋ ಸಲ ತುಂಬಿಸಬಹುದು, ಅಷ್ಟು ಚಿಕ್ಕ ಬ್ಯಾಟರಿ.

ಗ್ಯಾಲಕ್ಸಿ ಫಿಟ್ 3 ಭಾರತಕ್ಕೆ 2024ರಲ್ಲಿ ಬಂದಾಗ 4,999 ರೂಪಾಯಿ ಇತ್ತು. ಆಫರ್‌ನಲ್ಲಿ ನಿಮ್ಮ ಬಜೆಟ್ ಹತ್ತಿರಕ್ಕೆ ಬಂದರೆ ನೋಡಬಹುದು, ಆದರೆ ಐಫೋನ್ ಜೊತೆ ಅದು ಕೆಲಸ ಮಾಡುವುದಿಲ್ಲ. ಶಿಯೋಮಿ, ಅಮೇಜ್‌ಫಿಟ್ ಬ್ಯಾಂಡುಗಳಲ್ಲಿ ಕೆಲವು ಹೊರದೇಶದಿಂದ ತರಿಸಿ ಮಾರುವವೂ ಇರುತ್ತವೆ. ಅಗ್ಗ ಅನ್ನಿಸುತ್ತದೆ, ಆದರೆ ಇಲ್ಲಿನ ವಾರಂಟಿ ಇರುವುದಿಲ್ಲ. ಬಿಲ್ಲಿನ ಮೇಲೆ ಭಾರತದ ವಾರಂಟಿ ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ.

ಅಂಗಡಿಯಲ್ಲೇ ಇನ್ನೊಂದು ಕೆಲಸ ಮಾಡಿ. ಬ್ಯಾಂಡನ್ನು ನಿಮ್ಮ ಫೋನಿಗೆ ಜೋಡಿಸಿ, ಯಾರಿಂದಾದರೂ ಕನ್ನಡದಲ್ಲಿ ಒಂದು ವಾಟ್ಸಾಪ್ ಸಂದೇಶ ಕಳಿಸಲು ಹೇಳಿ. ಕೆಲವು ಬ್ಯಾಂಡುಗಳು ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕ ತೋರಿಸುತ್ತವೆ. ಇನ್ನು ಕೆಲವು ಒತ್ತಕ್ಷರವನ್ನು ಕಿತ್ತು ಪಕ್ಕಕ್ಕಿಡುತ್ತವೆ. ಮನೆಯವರೆಲ್ಲ ಕನ್ನಡದಲ್ಲೇ ಬರೆಯುವವರಾದರೆ ಇದು ದಿನಾ ಕಿರಿಕಿರಿ. ಮತ್ತೆ ನೋಟಿಫಿಕೇಶನ್ ಎಲ್ಲವನ್ನೂ ಆನ್ ಮಾಡಬೇಡಿ. ಫೋನ್ ಕರೆ, ಮನೆಯವರ ಸಂದೇಶ ಸಾಕು. ಅಪಾರ್ಟ್‌ಮೆಂಟ್ ಗುಂಪಿನ ಶುಭೋದಯಗಳೆಲ್ಲ ಕೈಯಲ್ಲಿ ಗುಂಯ್‌ಗುಟ್ಟಿದರೆ ಎರಡೇ ದಿನಕ್ಕೆ ಬಿಚ್ಚಿ ಎಸೆಯುತ್ತೀರಿ.

ಸ್ವಲ್ಪ ದಿನದ ಮೇಲೆ ನೋಟಿಫಿಕೇಶನ್ ಬರುವುದೇ ನಿಂತರೆ, ಹೆಚ್ಚಿನ ಸಲ ಬ್ಯಾಂಡ್ ಕೆಟ್ಟಿರುವುದಿಲ್ಲ. ಫೋನು ಬ್ಯಾಟರಿ ಉಳಿಸಲು ಹೋಗಿ ಹಿನ್ನೆಲೆಯಲ್ಲಿರುವ ಆಪ್ ಅನ್ನು ಮುಚ್ಚಿಬಿಟ್ಟಿರುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ಆ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಈ ಒಂದು ಸಣ್ಣ ಕೆಲಸ ತಿಳಿಯದೆ ಬ್ಯಾಂಡನ್ನು ಮೂಲೆಗೆ ಹಾಕಿದವರು ಬಹಳ ಮಂದಿ. ತೋಟದಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ತೊಂದರೆ ಇಲ್ಲ. ಬ್ಯಾಂಡು ಲೆಕ್ಕವನ್ನು ತನ್ನೊಳಗೇ ಕೆಲವು ದಿನ ಇಟ್ಟುಕೊಂಡು, ಆಮೇಲೆ ಬ್ಲೂಟೂತ್ ಮೂಲಕ ಫೋನಿಗೆ ಒಪ್ಪಿಸುತ್ತದೆ.

ಮಳೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮಲೆನಾಡಿನಲ್ಲಿ ಅದನ್ನು ಬಿಟ್ಟು ಮಾತಾಡಲಾಗದು. ಬ್ಯಾಂಡಿನ ಡಬ್ಬಿಯ ಮೇಲೆ 5 ಎಟಿಎಂ ಅಂತ ಬರೆದಿರುವುದು 50 ಮೀಟರ್ ಆಳದ ನೀರಿನ ಒತ್ತಡವನ್ನು ಪರೀಕ್ಷೆಯಲ್ಲಿ ತಡೆದಿದೆ ಅನ್ನುವ ಲೆಕ್ಕ. ಆಷಾಢದ ಮಳೆಗೆ ಧಾರಾಳ ಸಾಕು. ಬಚ್ಚಲಿಗೆ ಮಾತ್ರ ಕಟ್ಟಿಕೊಂಡು ಹೋಗಬೇಡಿ. ಆ ಪರೀಕ್ಷೆಯಲ್ಲಿ ಹಂಡೆಯ ಬಿಸಿನೀರು, ಹಬೆ, ಸೋಪು ಇರಲಿಲ್ಲ. ಬಿಸಿಗೆ ಒಳಗಿನ ರಬ್ಬರ್ ಬಿರಡೆ ಸಡಿಲವಾಗುತ್ತದೆ, ಸೋಪಿನ ನೀರು ಸಂದಿಗೆ ಇಳಿಯುತ್ತದೆ. ಸ್ನಾನದ ಹೊತ್ತೇ ಅದಕ್ಕೆ ಚಾರ್ಜ್ ಹಾಕುವ ಹೊತ್ತು ಅಂತ ಇಟ್ಟುಕೊಂಡರೆ ಎರಡೂ ಕೆಲಸ ಆಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಚರ್ಮದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟ್ರಾಪಿನ ಕೆಳಗೆ ತೇವ ಆರುವುದೇ ಇಲ್ಲ. ಬೆವರು, ಸೋಪು, ಮಳೆನೀರು ಸೇರಿ ಕೆಂಪಗೆ ಕಡಿತ ಶುರುವಾಗುತ್ತದೆ. ದಿನಾ ಒಮ್ಮೆ ಬಿಚ್ಚಿ ಸ್ಟ್ರಾಪ್ ತೊಳೆದು, ಒರೆಸಿ, ಕೈಯೂ ಪೂರ್ತಿ ಒಣಗಿದ ಮೇಲೆ ಕಟ್ಟಿ. ಕಡಿತ ಬಂದರೆ ವಾಸಿಯಾಗುವವರೆಗೆ ಇನ್ನೊಂದು ಕೈಗೆ ಬದಲಾಯಿಸಿ, ಆಪ್‌ನಲ್ಲೂ ಕೈ ಬದಲಾಯಿಸಿ. ಬಟ್ಟೆಯ ಸ್ಟ್ರಾಪ್ ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ಒಣಗುವುದಿಲ್ಲ, ವಾಸನೆ ಬರುತ್ತದೆ. ಸಿಲಿಕಾನಿನದೇ ಇರಲಿ. ಸ್ಟ್ರಾಪು ಕಿತ್ತುಹೋದರೆ ಕಡಿಮೆ ಬೆಲೆಗೆ ಬೇರೆ ಸಿಗುತ್ತದೆ. ಚಾರ್ಜರ್ ಕಳೆದರೆ ಹುಡುಕಾಟ ಜಾಸ್ತಿ, ಒಂದೊಂದು ಮಾದರಿಗೆ ಒಂದೊಂದು ತರ ಇರುತ್ತದೆ. ಬ್ಯಾಟರಿಯನ್ನು ಬದಲಾಯಿಸಲು ಬರುವುದಿಲ್ಲ, ಕೆಲವು ವರ್ಷ ಬಳಸಿ ಮತ್ತೊಂದು ಕೊಳ್ಳುವ ವಸ್ತು ಅಂತಲೇ ತಿಳಿಯಿರಿ.

ಕೊನೆಗೆ ಹಳೆಯ ವಾಚು. ಯಾರಿಗಾದರೂ ಕೊಡುವ ಮುಂಚೆ ಫೋನಿನಿಂದ ಬಿಡಿಸಿ, ರೀಸೆಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಖಾತೆಯೇ ಅದರಲ್ಲಿ ಉಳಿದಿರುತ್ತದೆ. ಬ್ಯಾಟರಿ ಸೋತಿದೆ ಅಂದಿದ್ದೀರಿ. ಪರದೆ ಅಂಚಿನಲ್ಲಿ ಎದ್ದಿದೆಯಾ, ಹಿಂಬದಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಇನ್ನು ಚಾರ್ಜ್‌ಗೆ ಹಾಕಬೇಡಿ, ಯಾರಿಗೂ ಕೊಡಬೇಡಿ, ಕಸದ ಗಾಡಿಗೂ ಹಾಕಬೇಡಿ. ಮಗನ ಕೈಯಲ್ಲಿ ಕೊಟ್ಟು ಬೆಂಗಳೂರಿನಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಒಪ್ಪಿಸಲು ಹೇಳಿ.